ಕೊಳೆತ ಗೆಣಸಿನ ನೀರಲ್ಲಿ ಆಲೂಗಡ್ಡೆ ಬಿಲ್ಲೆ

ನಾನು ಬಳ್ಳಾರಿಯ ಒಂದು ಜೀನ್ಸ್ ವಾಶಿಂಗ್ ಯೂನಿಟ್‌ನಲ್ಲಿ ಶಿಫ್ಟ್ ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷ ಆಯಿತು. ಊರು ಸಿರುಗುಪ್ಪ ಕಡೆ. ಮನೆಯಲ್ಲಿ ಭತ್ತ ಇದೆ, ಮೆಣಸಿನಕಾಯಿ ಇದೆ, ಮಳೆ ಜಮೀನಿನ ಒಂದು ತುಂಡಿನಲ್ಲಿ ಶೇಂಗಾ. ಎನ್‌ಜೈಮ್ ಅಂದರೆ ನನಗೆ ಪುಸ್ತಕದ ಮಾತಲ್ಲ. ಕ್ಯಾನಿನಿಂದ ಅಳೆದು ಡ್ರಮ್ಮಿಗೆ ಸುರಿಯುವ ಸಾಮಾನು. ಶಾಲೆಯ ಪುಸ್ತಕದಲ್ಲಿ ಇದನ್ನೇ ಕಿಣ್ವ ಅನ್ನುತ್ತಾರೆ.

ಹೋದ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಅಕ್ಕನ ಮಗಳು ಒಂಬತ್ತನೇ ಕ್ಲಾಸು. ವಿಜ್ಞಾನ ಮೇಳಕ್ಕೆ ಏನಾದರೂ ಮಾಡಿಕೊಡು ಮಾವ ಎಂದು ದುಂಬಾಲು ಬಿದ್ದಳು. "ಜ್ವಾಲಾಮುಖಿ ಮಾತ್ರ ಬ್ಯಾಡ. ಎಲ್ಲಾರೂ ಅದನ್ನೇ ತರ್ತಾರೆ." ಅದೇ ಹೊತ್ತಿಗೆ ಅವ್ವ ಹಬ್ಬಕ್ಕೆ ತಂದಿದ್ದ ಗೆಣಸಿನ ಚೀಲ ಬಿಚ್ಚಿದಳು. ಕೆಳಗಿನ ಎರಡು ಗೆಣಸು ಕೊಳೆತು, ಮುಟ್ಟಿದರೆ ಬೆರಳು ಒಳಗೆ ಹೋಗುತ್ತಿತ್ತು. ಸಿಪ್ಪೆ ಹಾಗೇ ಇದೆ, ಒಳಗೆ ಅಂಬಲಿ. ಎರಡು ದಿನದ ಹಿಂದೆ ಕಲ್ಲಿನಂತಿದ್ದ ಗೆಡ್ಡೆ. ಬೂಷ್ಟು ಅದನ್ನು ತಿಂದುಬಿಟ್ಟಿತು ಅನ್ನುತ್ತೇವೆ. ಆದರೆ ತಿಂದಿದ್ದರೆ ಗೆಣಸು ಖಾಲಿ ಆಗಬೇಕಿತ್ತು, ಅಲ್ವಾ? ಅದು ತುಂಬಿಕೊಂಡೇ ಇತ್ತು. ಬರೀ ಬಿಡಿಬಿಡಿಯಾಗಿತ್ತು.

ಆ ಬಿಡಿಸುವ ಕೆಲಸವನ್ನು ಕಣ್ಣಿಗೆ ಕಾಣಿಸುವ ಹಾಗೆ ಮಾಡುವುದು ಹೇಗೆ ಅಂತ ಬರೆಯುತ್ತಿದ್ದೇನೆ. ಲ್ಯಾಬ್ ಬೇಡ. ಒಂದು ರಜೆ ದಿನ ಮತ್ತು ಅವ್ವನ ಅನುಮತಿ ಬೇಕು. ಎರಡನೆಯದು ಸಿಗುವುದು ಕಷ್ಟ.

ಇದು ನನ್ನ ಹೊಸ ಐಡಿಯಾ ಏನಲ್ಲ. ಜರ್ಮನಿಯ ಆಂಟನ್ ಡಿ ಬ್ಯಾರಿ ಎಂಬ ಸಸ್ಯ ವಿಜ್ಞಾನಿ 1886ರಲ್ಲೇ ಕ್ಯಾರೆಟ್ ಮೇಲೆ ಮಾಡಿ ತೋರಿಸಿದ್ದ. ಸ್ಕ್ಲೆರೋಟೀನಿಯಾ ಎಂಬ ಶಿಲೀಂಧ್ರ ಕೊಳೆಸಿದ ಕ್ಯಾರೆಟ್‌ನ ರಸ ಹಿಂಡಿದ. ಶಿಲೀಂಧ್ರವೇ ಇಲ್ಲದೆ, ಬರೀ ಆ ರಸ ತಗುಲಿದರೂ ಒಳ್ಳೆಯ ತುಂಡು ಬಿಡಿಬಿಡಿಯಾಯಿತು. ರಸ ಕುದಿಸಿ ಹಾಕಿದರೆ ಏನೂ ಆಗಲಿಲ್ಲ. ಕುದಿಸಿದರೆ ಕೆಡುವ ಯಾವುದೋ ಒಂದು ರಸದಲ್ಲಿದೆ ಎಂದು ಅಲ್ಲಿಗೆ ಗೊತ್ತಾಯಿತು. ಅದೇ ಎನ್‌ಜೈಮ್. ನಾವು ಮಾಡುವುದೂ ಅಷ್ಟೇ.

ಮೊದಲು ಒಂದು ಮಾತು. ಗಿಡದ ಜೀವಕೋಶಕ್ಕೆ ಸುತ್ತ ಗೋಡೆ ಇದೆ. ಅದನ್ನು ಇಟ್ಟಿಗೆ ಗೋಡೆಗೆ ಹೋಲಿಸುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಜೀನ್ಸ್ ಬಟ್ಟೆಯೇ ಹತ್ತಿರದ ಹೋಲಿಕೆ. ಸೆಲ್ಯುಲೋಸ್ ಎಂಬ ಗಟ್ಟಿ ಎಳೆಗಳಿವೆ. ಎಳೆಗಳನ್ನು ಅಲ್ಲಲ್ಲಿ ಕಟ್ಟಿ ಹಿಡಿಯಲು ಹೆಮಿಸೆಲ್ಯುಲೋಸ್ ಇದೆ. ಸಂದಿಯಲ್ಲೆಲ್ಲ ಪೆಕ್ಟಿನ್ ಎಂಬ ಅಂಟು. ಒಂದು ಕೋಶಕ್ಕೂ ಪಕ್ಕದ ಕೋಶಕ್ಕೂ ನಡುವೆ ಇರುವ ಪದರವಂತೂ ಹೆಚ್ಚುಕಡಿಮೆ ಪೆಕ್ಟಿನ್ನೇ. ಜಾಮ್ ಗಟ್ಟಿಯಾಗುವುದೂ ಇದೇ ಪೆಕ್ಟಿನ್‌ನಿಂದ.

ನಮ್ಮ ಯೂನಿಟ್‌ಗೆ ಹೊಸ ಪ್ಯಾಂಟ್ ಬಂದಾಗ ತಗಡಿನ ಹಾಗೆ ಇರುತ್ತದೆ. ನೇಯುವ ಮುಂಚೆ ಹಾಸು ನೂಲಿಗೆ ಗಂಜಿ ಹಾಕಿರುತ್ತಾರೆ. ಅದನ್ನು ಕಳಚಲು ಮೊದಲು ಡಿಸೈಜ್ ಮಾಡುತ್ತೇವೆ. ಅದಕ್ಕೆ ಗಂಜಿ ಕಡಿಯುವ ಎನ್‌ಜೈಮ್, ಅಮೈಲೇಸ್. ಆಮೇಲೆಯೇ ಎನ್‌ಜೈಮ್ ವಾಶ್. ಅದಕ್ಕೆ ಸೆಲ್ಯುಲೇಸ್. ಇದು ಹತ್ತಿಯ ಎಳೆಯನ್ನೇ ಮೇಲ್ಮೇಲೆ ಕಡಿಯುತ್ತದೆ, ನೀಲಿ ಉದುರಿ ಪ್ಯಾಂಟಿಗೆ ಹಳೇ ಕಳೆ ಬರುತ್ತದೆ. ಸರದಿ ತಪ್ಪಿದರೆ ಕೆಲಸ ಕೆಡುತ್ತದೆ. ಗಂಜಿ ಇದ್ದರೆ ಸೆಲ್ಯುಲೇಸ್‌ಗೆ ನೂಲು ಸಿಗುವುದೇ ಇಲ್ಲ.

ಶಿಲೀಂಧ್ರವೂ ಇದೇ ಸರದಿ ಹಿಡಿಯುತ್ತದೆ. 1971ರಲ್ಲಿ ಅಮೆರಿಕದ ಪೀಟರ್ ಆಲ್ಬರ್ಶೈಮ್ ತಂಡ ಬೀನ್ಸ್ ಗಿಡದ ರೋಗದ ಶಿಲೀಂಧ್ರವನ್ನು ಬರೀ ಕೋಶಗೋಡೆಯ ಮೇಲೆ ಬೆಳೆಸಿ ನೋಡಿತು. ಮೊದಲು ಬಂದದ್ದು ಪೆಕ್ಟಿನ್ ಕಡಿಯುವ ಪಾಲಿಗ್ಯಾಲಕ್ಟುರೋನೇಸ್. ಹೆಸರು ಉದ್ದ, ಪಿಜಿ ಅನ್ನೋಣ. ಹೆಮಿಸೆಲ್ಯುಲೋಸ್, ಸೆಲ್ಯುಲೋಸ್ ಕಡಿಯುವವು ಆಮೇಲೆ ಬಂದವು. ನಮ್ಮ ಮೆಣಸಿನಕಾಯಿ ಹಣ್ಣು ಕೊಳೆಯಿಸುವ ಕೊಲೆಟೋಟ್ರೈಕಮ್ ಇದೆಯಲ್ಲ, ಆ ಶಿಲೀಂಧ್ರ ಇದೇ ಮನೆತನದ್ದು.

ಈಗ ಕೆಲಸ.

ನಮ್ಮದು ಮೊದಲ ಸಲ ಕೆಟ್ಟಿತು. ಅದನ್ನೂ ಹೇಳುತ್ತೇನೆ, ನೀವು ಅಲ್ಲಿ ಬೀಳಬಾರದು. ಗೆಣಸು ಹಬ್ಬಕ್ಕೆ ಬೇಕು ಎಂದು ಅವ್ವ ಕೊಡಲಿಲ್ಲ. ಟೊಮ್ಯಾಟೊ ಕೊಳೆಸಿದೆವು. ಕೊಳೆತ ಟೊಮ್ಯಾಟೊ ರಸದಲ್ಲಿ ಆಲೂಗಡ್ಡೆ ಬಿಲ್ಲೆ ಮೆತ್ತಗಾಯಿತು. ಖುಷಿಯಾದೆವು. ಹುಡುಗಿ ಸುಮ್ನೆ ಒಂದು ಒಳ್ಳೆಯ ಹಣ್ಣಿನ ರಸದಲ್ಲೂ ಬಿಲ್ಲೆ ಇಟ್ಟಿದ್ದಳು. ಅದೂ ಮೆತ್ತಗಾಯಿತು! ಆಮೇಲೆ ಓದಿದಾಗ ಗೊತ್ತಾಯಿತು. ಟೊಮ್ಯಾಟೊ ಹಣ್ಣಾಗುವಾಗ ತನ್ನ ಪಿಜಿಯನ್ನು ತಾನೇ ಮಾಡಿಕೊಳ್ಳುತ್ತದೆ. ಅಮೆರಿಕದಲ್ಲಿ 1994ರಲ್ಲಿ ಮಾರುಕಟ್ಟೆಗೆ ಬಂದ ಫ್ಲೇವರ್ ಸೇವರ್ ಎಂಬ ಕುಲಾಂತರಿ ಟೊಮ್ಯಾಟೊದಲ್ಲಿ ಆ ಪಿಜಿಯನ್ನೇ ತಗ್ಗಿಸಿದ್ದರು, ಹಣ್ಣು ಬೇಗ ಮೆತ್ತಗಾಗದಿರಲಿ ಎಂದು. ಹಾಗಾಗಿ ಟೊಮ್ಯಾಟೊ ಬೇಡ. ಗೆಣಸೇ ಇರಲಿ, ಇಲ್ಲವೇ ಕ್ಯಾರೆಟ್.

ಎರಡು ಗೆಣಸು ತೆಗೆದುಕೊಳ್ಳಿ. ಒಂದು ಫ್ರಿಜ್ಜಿನ ಹೊರಗೆ ಒಣ ಜಾಗದಲ್ಲಿ ಹಾಗೇ ಇರಲಿ. ಇನ್ನೊಂದರ ತುದಿ ಕತ್ತರಿಸಿ, ಚಾಕುವಿನಿಂದ ಗಾಯ ಮಾಡಿ. ಗಾಯ ಮುಖ್ಯ, ಸಿಪ್ಪೆ ಗಟ್ಟಿ ಇದ್ದರೆ ನಾವು ಹಚ್ಚುವ ಶಿಲೀಂಧ್ರ ಒಳಗೆ ಹೋಗಲಾರದು. ತರಕಾರಿ ಮಾರುಕಟ್ಟೆಯ ಕಸದ ರಾಶಿಯಲ್ಲಿ ಬಿಳಿ ಕೂದಲು ಬಂದು, ತುದಿಗೆ ಗುಂಡುಸೂಜಿಯ ತಲೆಯಂಥ ಕರಿ ಚುಕ್ಕೆ ಇರುವ ಹಣ್ಣು ಸಿಗುತ್ತದೆ. ಅದು ರೈಜೋಪಸ್ ಎಂಬ ಶಿಲೀಂಧ್ರ. ಅದರ ಚಿಕ್ಕ ಚೂರನ್ನು ಗಾಯಕ್ಕೆ ಒತ್ತಿ. ಒದ್ದೆ ಬಟ್ಟೆ ಹಾಸಿದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚಳ ಸಡಿಲವಾಗಿ ಮುಚ್ಚಿ. ಮೂರರಿಂದ ಐದು ದಿನ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ದಮ್ಮು, ಅಲರ್ಜಿ ಇರುವವರು ಡಬ್ಬಿ ತೆರೆಯುವುದು ಬೇಡ. ಕರಿ ಪುಡಿ ಹಾರುತ್ತದೆ.

ಆದಾಗ ಹೇಗೆ ಗೊತ್ತಾಗುತ್ತದೆ? ವಾಸನೆಯಿಂದ. ರೈಜೋಪಸ್ ಕೊಳೆಸಿದ ಗೆಣಸು ಹುಳಿ ಬಂದ ಹೆಂಡದ ಹಾಗೆ ನಾತ ಬರುತ್ತದೆ. ಮೂಗು ಮುಚ್ಚಿಕೊಳ್ಳುವ ಗಬ್ಬು ನಾತ ಬಂದು, ಲೋಳೆ ಲೋಳೆಯಾಗಿ, ಬಿಳಿ ಕೂದಲೇ ಇಲ್ಲದಿದ್ದರೆ ಅದು ಬ್ಯಾಕ್ಟೀರಿಯಾದ ಕೆಲಸ. ಅದೂ ಪೆಕ್ಟಿನ್ನೇ ಕಡಿಯುತ್ತದೆ, ಆದರೆ ಬೇರೆ ಕತ್ತರಿ. ನಮ್ಮ ಲೆಕ್ಕ ತಪ್ಪುತ್ತದೆ. ಎಸೆದು ಹೊಸದಾಗಿ ಶುರು ಮಾಡಿ.

ಮೆತ್ತಗಾದ ಭಾಗ ನೂರು ಗ್ರಾಂ ತೆಗೆದು, ಕುದಿಸಿ ಆರಿಸಿದ ನೀರು ನೂರು ಎಂಎಲ್ ಸೇರಿಸಿ. ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಹೊರಗಿನಿಂದ ಹಿಸುಕಿ. ಮಿಕ್ಸಿಗೆ ಹಾಕಬೇಡಿ, ನಿಮ್ಮ ಮನೆಯವರು ಆ ಮಿಕ್ಸಿಯಲ್ಲಿ ಮತ್ತೆ ಚಟ್ನಿ ಮಾಡುವುದಿಲ್ಲ. ಹಳೇ ಪಂಚೆಯ ಬಟ್ಟೆ ನಾಲ್ಕು ಮಡಿಕೆ ಮಾಡಿ ಸೋಸಿ. ಫ್ರಿಜ್ಜಿನಲ್ಲಿ ಎರಡು ತಾಸು ಇಟ್ಟರೆ ಗಸಿ ಕೆಳಗೆ ಕೂರುತ್ತದೆ. ಮೇಲಿನ ತಿಳಿ ತೆಗೆದುಕೊಳ್ಳಿ. ಒಳ್ಳೆಯ ಗೆಣಸಿನದೂ ಹೀಗೇ ಒಂದು ತಿಳಿ ಮಾಡಿ.

ನಾಲ್ಕು ಲೋಟ ಬೇಕು. ಒಂದಕ್ಕೆ ಕೊಳೆತದರ ಹಸಿ ತಿಳಿ. ಎರಡನೆಯದಕ್ಕೆ ಅದೇ ತಿಳಿ, ಆದರೆ ಹತ್ತು ನಿಮಿಷ ಕುದಿಸಿ ಆರಿಸಿದ್ದು. ಮೂರನೆಯದಕ್ಕೆ ಒಳ್ಳೆಯ ಗೆಣಸಿನ ತಿಳಿ. ನಾಲ್ಕನೆಯದಕ್ಕೆ ಬರೀ ನೀರು. ಲೋಟದ ಮೇಲೆ ಚೀಟಿ ಅಂಟಿಸಿ. ನೆನಪಿರುತ್ತದೆ ಎಂದುಕೊಂಡರೆ ನೆನಪಿರುವುದಿಲ್ಲ. ಯೂನಿಟ್‌ನಲ್ಲಿ ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ.

ಬಿಲ್ಲೆ ಮಾಡಲು ಚಿಪ್ಸ್ ಹೆರೆಯುವ ಮಣೆ ಒಳ್ಳೆಯದು. ಚಾಕುವಿನಲ್ಲಿ ಹೆಚ್ಚಿದರೆ ಒಂದು ದಪ್ಪ ಒಂದು ತೆಳ್ಳಗೆ ಆಗುತ್ತದೆ, ಹೋಲಿಸಲು ಬರುವುದಿಲ್ಲ. ಆಲೂಗಡ್ಡೆಯನ್ನು ಒಂದು ಮಿಲಿಮೀಟರ್‌ಗಿಂತ ದಪ್ಪ ಆಗದಂತೆ ಹೆರೆದು, ಸ್ಕೆಚ್ ಪೆನ್ನಿನ ಕ್ಯಾಪಿನಿಂದ ಒತ್ತಿ ಒಂದೇ ಅಳತೆಯ ಬಿಲ್ಲೆ ತೆಗೆಯಿರಿ. ನೀರಲ್ಲಿ ಎರಡು ಸಲ ಜಾಲಿಸಿ. ಲೋಟಕ್ಕೆ ಹತ್ತು ಹತ್ತು ಹಾಕಿ. ಬೆಚ್ಚಗೆ ಇಡಬೇಕು, ಮೂವತ್ತರಿಂದ ಮೂವತ್ತೈದು ಡಿಗ್ರಿ. ನಮ್ಮ ಕಡೆ ಅದಕ್ಕೆ ಯಂತ್ರ ಬೇಡ, ಅಡುಗೆ ಮನೆಯ ಅಟ್ಟ ಸಾಕು.

ಅರ್ಧ ತಾಸಿಗೊಮ್ಮೆ ಪ್ರತಿ ಲೋಟದಿಂದ ಒಂದು ಬಿಲ್ಲೆ ತೆಗೆದು ಎರಡು ಪಿನ್ನಿನಿಂದ ಮೆಲ್ಲಗೆ ಎಳೆಯಿರಿ. ಬಗ್ಗಿಸಿ ನೋಡಬೇಡಿ. ರಸದಲ್ಲಿ ಸಕ್ಕರೆ ಇರುತ್ತದೆ, ಅದು ಬಿಲ್ಲೆಯ ನೀರು ಎಳೆದುಕೊಂಡು ಬಾಡಿಸುತ್ತದೆ. ಉಪ್ಪು ಹಚ್ಚಿದ ಸೌತೆಕಾಯಿ ಬಾಡುವ ಹಾಗೆ. ಬಾಡಿದ ಬಿಲ್ಲೆ ಬಗ್ಗುತ್ತದೆ, ಆದರೆ ಎಳೆದರೆ ಹರಿಯುವುದಿಲ್ಲ. ನಮಗೆ ಬೇಕಾದ್ದು ಹರಿಯುವುದು. ಹರಿಯದಿದ್ದರೆ ಸೊನ್ನೆ, ತಾನಾಗಿ ಬಿಚ್ಚಿಕೊಂಡರೆ ಐದು ಎಂದು ಮಾರ್ಕ್ಸ್ ಹಾಕಿ.

ನಮ್ಮ ಅಟ್ಟದಲ್ಲಿ ಹಸಿ ತಿಳಿಯ ಬಿಲ್ಲೆ ಒಂದೂವರೆ ತಾಸಿಗೆ ಅಂಚಿನಲ್ಲಿ ಜೂಲು ಜೂಲಾಯಿತು. ಮೂರು ತಾಸಿಗೆ ಪಿನ್ ತಾಗಿಸಿದರೆ ಸಾಕು, ಒದ್ದೆ ರೊಟ್ಟಿಯ ಹಾಗೆ ಬಿಚ್ಚಿಕೊಂಡಿತು. ಕುದಿಸಿದ ತಿಳಿಯದು ಬಾಡಿತ್ತು, ಹರಿಯಲಿಲ್ಲ. ಒಳ್ಳೆಯ ಗೆಣಸಿನದೂ ಹಾಗೇ. ನೀರಿನದು ಸೆಟೆದುಕೊಂಡು ಕುಳಿತಿತ್ತು. ನಿಮ್ಮಲ್ಲಿ ಹೊತ್ತು ಹೆಚ್ಚುಕಡಿಮೆ ಆಗಬಹುದು. ಆರು ತಾಸು ದಾಟಿದ ಮೇಲೆ ಲೆಕ್ಕ ಬರೆಯಬೇಡಿ. ಬಟ್ಟೆಯಲ್ಲಿ ಸೋಸಿದರೂ ಬೂಷ್ಟಿನ ಬೀಜ ಉಳಿದಿರುತ್ತದೆ, ಗಾಳಿಯ ಬ್ಯಾಕ್ಟೀರಿಯಾವೂ ಬಂದು ಸೇರುತ್ತದೆ. ರಾತ್ರಿಯಿಡೀ ಬಿಟ್ಟರೆ ನಾಲ್ಕೂ ಲೋಟ ಕೊಳೆಯುತ್ತವೆ, ಏನನ್ನೂ ಹೇಳಿದಂತಾಗುವುದಿಲ್ಲ.

ಶಾಲೆಯಲ್ಲಿ ಮೈಕ್ರೋಸ್ಕೋಪ್ ಇದ್ದರೆ ಬಿಚ್ಚಿದ ಬಿಲ್ಲೆಯ ಒಂದು ಹನಿ ನೋಡಿ, ಮೇಲೆ ಒಂದು ತೊಟ್ಟು ಅಯೋಡಿನ್ ಬಿಡಿ. ನನಗೆ ಇದೇ ಎಲ್ಲಕ್ಕಿಂತ ಸೊಗಸು. ಕೋಶಗಳು ಒಡೆದಿರುವುದಿಲ್ಲ. ಒಂದೊಂದೇ ಇಡಿಯಾಗಿ ಬೇರೆಯಾಗಿ, ಹೊಟ್ಟೆಯಲ್ಲಿ ಪಿಷ್ಟದ ಕಾಳು ನೀಲಿ ನೀಲಿ ತುಂಬಿಕೊಂಡು ತೇಲುತ್ತವೆ. ಚೀಲ ಹರಿದಿಲ್ಲ, ಚೀಲಕ್ಕೂ ಚೀಲಕ್ಕೂ ಇದ್ದ ಹೊಲಿಗೆ ಬಿಚ್ಚಿದೆ.

ಹಾಗಾದರೆ ಸೆಲ್ಯುಲೋಸ್ ಕಡಿದಿಲ್ಲವೇ ಎಂದು ಮೇಳದಲ್ಲಿ ಕೇಳುತ್ತಾರೆ. ಅದಕ್ಕೊಂದು ಉಪಾಯ ಇದೆ. ಹತ್ತಿ ಎಂದರೆ ಬಹುಪಾಲು ಸೆಲ್ಯುಲೋಸೇ. ಹೊಲಿಗೆಯ ಹತ್ತಿ ದಾರವನ್ನು ಅದೇ ಹಸಿ ತಿಳಿಯಲ್ಲಿ ಬಿಲ್ಲೆಯ ಜೊತೆ ಹಾಕಿ. ಬಿಲ್ಲೆ ಬಿಚ್ಚಿಕೊಂಡಾಗ ದಾರ ಎಳೆದು ನೋಡಿ. ಜಪ್ಪಯ್ಯ ಅನ್ನುವುದಿಲ್ಲ. ಹತ್ತಿ ಕಡಿಯುವುದರಲ್ಲಿ ಗಟ್ಟಿಗ ಬೇರೆ ಶಿಲೀಂಧ್ರ, ಟ್ರೈಕೋಡರ್ಮಾ ರೀಸಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿ ಬಟ್ಟೆ, ಡೇರೆ ಎಲ್ಲ ಕೊಳೆಯುತ್ತಿತ್ತು. ಅಲ್ಲಿ ಹಿಡಿದ ಶಿಲೀಂಧ್ರ ಅದು. ಅದರ ಸಂತತಿಯಿಂದಲೇ ಜೀನ್ಸ್ ತೊಳೆಯುವ ಸೆಲ್ಯುಲೇಸ್‌ನ ದೊಡ್ಡ ಪಾಲು ಬಂತು. ಡೇರೆ ಕೊಳೆಸಿದ್ದು ಈಗ ನಮಗೆ ಸಂಬಳ ಕೊಡುತ್ತಿದೆ.

ಪೆಕ್ಟಿನ್ನೇ ಹೋಯಿತು ಎಂದು ತೋರಿಸಲು ಇನ್ನೊಂದು ದಾರಿ ಇದೆ. ಪೇರಲ ಹಣ್ಣನ್ನು ಹೆಚ್ಚಿ, ನೀರಲ್ಲಿ ಬೇಯಿಸಿ, ಸೋಸಿ ಆರಿಸಿ. ಈ ನೀರಲ್ಲಿ ಪೆಕ್ಟಿನ್ ಜಾಸ್ತಿ. ಎರಡು ಲೋಟಕ್ಕೆ ಹಂಚಿ. ಒಂದಕ್ಕೆ ಹಸಿ ತಿಳಿ ಎರಡು ಚಮಚ, ಇನ್ನೊಂದಕ್ಕೆ ಕುದಿಸಿದ್ದು ಎರಡು ಚಮಚ. ನಾಲ್ಕು ತಾಸು ಬಿಡಿ. ಆಮೇಲೆ ಎರಡರಿಂದಲೂ ಒಂದು ಚಮಚ ತೆಗೆದು, ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಎರಡು ಚಮಚ ಮೆಲ್ಲಗೆ ಸುರಿಯಿರಿ. ಪೆಕ್ಟಿನ್ ಇದ್ದ ಕಡೆ ಮೊಟ್ಟೆಯ ಬಿಳಿಯಂಥ ಗಟ್ಟಿ ಲೋಳೆ ಮೇಲೇಳುತ್ತದೆ. ಕಡಿದುಹೋದ ಕಡೆ ಲೋಳೆ ಕಟ್ಟುವುದಿಲ್ಲ, ಇಲ್ಲವೇ ಚೂರುಪಾರು ಬರುತ್ತದೆ. ಹಣ್ಣಿನ ಜ್ಯೂಸ್ ಕಾರ್ಖಾನೆಯವರೂ ಪೆಕ್ಟಿನ್ ಹೋಯಿತೋ ಇಲ್ಲವೋ ಎಂದು ಹೀಗೇ ನೋಡುತ್ತಾರೆ. ಒಲೆ ಆರಿಸಿರಬೇಕು, ಸ್ಪಿರಿಟ್‌ಗೆ ಬೆಂಕಿ ಹತ್ತುತ್ತದೆ. ಯಾರೂ ಬಾಯಿಗೆ ಹಾಕಬಾರದು.

ಇಲ್ಲಿಗೆ ನಿಲ್ಲಿಸಿದರೂ ಮೇಳಕ್ಕೆ ಸಾಕು. ನಾನು ರೈತನ ಮಗ, ನನಗೆ ಸಾಕಾಗಲಿಲ್ಲ. ಇದನ್ನು ತಡೆಯುವುದು ಹೇಗೆ ಎಂಬುದೇ ನನ್ನ ಪ್ರಶ್ನೆ.

ಯೂನಿಟ್‌ನಲ್ಲಿ ಎನ್‌ಜೈಮ್ ನಿಲ್ಲಿಸಲು ಸೋಡಾ ಹಾಕಿ ಬಿಸಿ ಏರಿಸುತ್ತೇವೆ. ನಾನು ಮೊದಲು ಕೆಲಸಕ್ಕಿದ್ದ ಕಡೆ ಒಬ್ಬ ಅದನ್ನು ಮರೆತು ಒಂದು ಲಾಟ್ ಹಾಗೇ ಒದ್ದೆ ರಾಶಿ ಹಾಕಿ ಮನೆಗೆ ಹೋದ. ಬೆಳಿಗ್ಗೆ ಪ್ಯಾಂಟಿನ ಅಂಚೆಲ್ಲ ಎಳೆ ಎಳೆ. ಅದು ನೆನಪಾಗಿ ಹಸಿ ತಿಳಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿದೆವು. ಬಿಲ್ಲೆ ಬಿಚ್ಚುವುದು ತೀರಾ ನಿಧಾನ ಆಯಿತು. ಹುಳಿ ಅಳೆಯುವ ಅಂಕಿ ಪಿಎಚ್, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಶಿಲೀಂಧ್ರದ ಪಿಜಿಗೆ ಹುಳಿ ಬೇಕು, ಪಿಎಚ್ 4ರಿಂದ 5ರ ಸುಮಾರು. ಬ್ಯಾಕ್ಟೀರಿಯಾದ ಪೆಕ್ಟೇಟ್ ಲಯೇಸ್‌ಗೆ ಉಲ್ಟಾ, ಅದಕ್ಕೆ ಪಿಎಚ್ 8ರ ಮೇಲೆ ಹಿತ. ಬೇರೆ ಕತ್ತರಿ ಅಂದದ್ದು ಇದಕ್ಕೇ.

ತಡೆಯುವ ಇನ್ನೊಂದು ದಾರಿ ಸುಣ್ಣ. ಆಗ್ರಾದ ಪೇಠಾ ಮಾಡುವವರು ಬೂದುಗುಂಬಳದ ತುಂಡನ್ನು ಸುಣ್ಣದ ನೀರಲ್ಲಿ ನೆನೆಸುತ್ತಾರೆ. ಎಷ್ಟು ಕುದಿಸಿದರೂ ತುಂಡು ಕರಗುವುದಿಲ್ಲ. ಸುಣ್ಣದ ಕ್ಯಾಲ್ಸಿಯಂ ಪೆಕ್ಟಿನ್ ಎಳೆಗಳ ನಡುವೆ ಗುಂಡಿ ಹಾಕಿದ ಹಾಗೆ ಕೂತು ಹಿಡಿದುಕೊಳ್ಳುತ್ತದೆ. ಎಲೆ ಅಡಿಕೆಗೆ ತಂದ ಸುಣ್ಣವನ್ನು ನೀರಲ್ಲಿ ಕದಡಿ, ಕೂತ ಮೇಲೆ ತಿಳಿ ಮಾತ್ರ ತೆಗೆದು, ಬಿಲ್ಲೆಗಳನ್ನು ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನಾಲ್ಕೈದು ಸಲ ತೊಳೆಯಿರಿ. ತೊಳೆಯದಿದ್ದರೆ ಸುಣ್ಣದ ಕ್ಷಾರವೇ ಪಿಜಿಯನ್ನು ನಿಲ್ಲಿಸುತ್ತದೆ, ಕ್ಯಾಲ್ಸಿಯಂ ಮಾಡಿದ್ದೋ ಕ್ಷಾರ ಮಾಡಿದ್ದೋ ತಿಳಿಯುವುದಿಲ್ಲ. ಹೋಲಿಸಲು ಬರೀ ನೀರಲ್ಲಿ ನೆನೆದ ಬಿಲ್ಲೆಯೂ ಇರಲಿ. ನಮ್ಮಲ್ಲಿ ಸುಣ್ಣದ ಬಿಲ್ಲೆ ಐದು ತಾಸಾದರೂ ಮೂರು ಮಾರ್ಕ್ಸ್ ದಾಟಲಿಲ್ಲ.

ಇದನ್ನು ನೋಡಿದ ಮೇಲೆಯೇ ಶೇಂಗಾದ ಬುಡಕೊಳೆ ನನಗೆ ಅರ್ಥ ಆಯಿತು. ಗಿಡದ ಬುಡದಲ್ಲಿ ಬಿಳಿ ಹತ್ತಿಯಂಥದ್ದು, ಅದರಲ್ಲಿ ಸಾಸಿವೆ ಕಾಳಿನಂಥ ಗುಂಡು. ಅದು ಸ್ಕ್ಲೆರೋಶಿಯಂ ರಾಲ್ಫ್ಸಿ ಎಂಬ ಶಿಲೀಂಧ್ರ. ಈ ಕಳ್ಳ, ಪಿಜಿ ಎಂಬ ಕತ್ತರಿಯ ಜೊತೆ ಆಕ್ಸಾಲಿಕ್ ಆಮ್ಲವನ್ನೂ ತರುತ್ತದೆ. ಆಮ್ಲ ಪೆಕ್ಟಿನ್‌ನಿಂದ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಅಂದರೆ ಗುಂಡಿ ಬಿಚ್ಚುತ್ತದೆ. ಜೊತೆಗೆ ಪಿಜಿಗೆ ಬೇಕಾದ ಹುಳಿಯನ್ನೂ ಒದಗಿಸುತ್ತದೆ. ಒಂದೇ ಏಟಿಗೆ ಎರಡು ಕೆಲಸ. 1965ರಲ್ಲಿ ಬೇಟ್‌ಮನ್ ಮತ್ತು ಬಿಯರ್ ಎಂಬಿಬ್ಬರು ಇದನ್ನು ತೋರಿಸಿದರು.

ಎಲ್ಲ ರೋಗಕ್ಕೂ ಇದೇ ಲೆಕ್ಕ ಹಾಕಬೇಡಿ. ಭತ್ತದ ಬೆಂಕಿ ರೋಗದ ಶಿಲೀಂಧ್ರ ಒಳಗೆ ನುಗ್ಗುವುದು ಹೆಚ್ಚಾಗಿ ಒತ್ತಡದಿಂದ. ಎಲೆಯ ಮೇಲೆ ಗುಮ್ಮಟದಂಥ ಚಿಕ್ಕ ಅಂಗ ಕಟ್ಟಿ, ಅದರೊಳಗೆ 8 ಮೆಗಾಪಾಸ್ಕಲ್‌ವರೆಗೆ ಒತ್ತಡ ಏರಿಸಿ ಮೊಳೆ ಹೊಡೆಯುತ್ತದೆ. ಕಾರಿನ ಟೈರಿನ ಗಾಳಿಯ ಮೂವತ್ತು ಪಟ್ಟಿಗೂ ಜಾಸ್ತಿ. ಕತ್ತರಿಯ ಪಾಲು ಅಲ್ಲಿ ಆಮೇಲಿನದು. ಗಿಡವೂ ಸುಮ್ಮನೆ ಕೂರುವುದಿಲ್ಲ. ಪಿಜಿಯ ಬಾಯಿ ಕಟ್ಟುವ ಪ್ರೋಟೀನ್ ಬೀನ್ಸ್‌ನಂಥ ಎಷ್ಟೋ ಗಿಡಗಳಲ್ಲಿದೆ. ಕಡಿದ ಪೆಕ್ಟಿನ್‌ನ ಚೂರುಗಳೇ ಕಳ್ಳ ಬಂದ ಎಂದು ಕೂಗುವ ಗಂಟೆಯೂ ಆಗುತ್ತವೆ.

ಮನೆಯಲ್ಲಿ ಬದಲಾದದ್ದು ಒಂದೇ. ಕಣದಲ್ಲಿ ಮೆಣಸಿನಕಾಯಿ ಹರವುವಾಗ ಮೆತ್ತಗಾದ ಕಾಯಿಯನ್ನು ಮೊದಲು ಆರಿಸಿ ದೂರ ಹಾಕುತ್ತೇವೆ. ಬಿಸಿಲಿಗೆ ಒಣಗುತ್ತದೆ ಬಿಡು ಎಂದು ಅಪ್ಪ ಅನ್ನುತ್ತಿದ್ದರು. ಒಣಗುವವರೆಗೆ ಅದರ ರಸ ಪಕ್ಕದ ಕಾಯಿಗೆ ತಾಗುತ್ತದಲ್ಲ, ಬೂಷ್ಟೂ ಅದರ ಜೊತೆಗೇ ಹೋಗುತ್ತದೆ.

ಮುಗಿದ ಮೇಲೆ ಎಲ್ಲ ತಿಳಿಯನ್ನೂ, ಉಳಿದ ಗೆಣಸನ್ನೂ ಹತ್ತು ನಿಮಿಷ ಕುದಿಸಿ, ಹೊಲದಿಂದ ದೂರ ಗುಂಡಿ ತೋಡಿ ಮುಚ್ಚಿ. ತಿಪ್ಪೆಗೆ ಹಾಕಬೇಡಿ. ಲೋಟಗಳನ್ನು ಕುದಿಯುವ ನೀರಲ್ಲಿ ಮುಳುಗಿಸಿ ತೊಳೆಯಿರಿ. ಚಿಪ್ಸ್ ಮಣೆ ಆಲೂಗಡ್ಡೆ ಬಿಟ್ಟರೆ ಬೇರೇನನ್ನೂ ಮುಟ್ಟಿರುವುದಿಲ್ಲ, ಹಾಗೇ ತೊಳೆದಿಟ್ಟರೆ ಸಾಕು. ನಾನು ಇದನ್ನು ಅವ್ವನಿಗೆ ಎಷ್ಟು ಹೇಳಿದರೂ ಒಪ್ಪಲಿಲ್ಲ. ಹೊಸ ಮಣೆಗೆ ನೂರಾ ಇಪ್ಪತ್ತು ರೂಪಾಯಿ ಕೊಟ್ಟೆ.